ಬಾಯಿ ತೆರೆಸಿ ವಾದಿಸುವ ಡಾಕ್ಟರು

ಚಿಲಿ ದೇಶದ ವಾಲ್ಪರೈಸೊ ಊರಿನ ನಮ್ಮ ಗುಡ್ಡದ ಮೇಲೆ ಹಲ್ಲಿನ ಡಾಕ್ಟರು ಎವಾರಿಸ್ತೊ ಅವರ ಜೊತೆ ವಾದಕ್ಕಿಳಿದು ಗೆದ್ದ ರೋಗಿಯಿಲ್ಲ, ಏಕೆಂದರೆ ಎದುರಾಳಿಯ ಬಾಯಿ ತೆರೆಸಿ ಹತ್ತಿ ತುರುಕಿದ ಮೇಲೆಯೇ ಅವರು ವಾದ ಶುರು ಮಾಡುವುದು. ವಿಷಯ ಯಾವಾಗಲೂ ಒಂದೇ: ಟೀವಿಯ ‘ತಾರಾಬಂದರು’ ಧಾರಾವಾಹಿಯಲ್ಲಿ ನಾಯಕಿ ತಲೆಗೆ ಪಟ್ಟಿ ಕಟ್ಟಿಕೊಂಡು ಬರೀ ಮನಸ್ಸಿನಿಂದ ಆಕಾಶನೌಕೆ ಓಡಿಸುತ್ತಾಳಲ್ಲ, ಆ ನೌಕೆಗೆ ಅವಳ ಆಜ್ಞೆ ಮಾತ್ರ ಕೇಳಿಸುತ್ತದೋ, ಮನಸ್ಸಿನಲ್ಲಿರುವುದೆಲ್ಲ ಕೇಳಿಸುತ್ತದೋ? “ಎಲ್ಲಾ ಕೇಳ್ಸತ್ತೆ ಕಣಯ್ಯಾ! ಹೋದ ವಾರ ಅವಳು ಆಜ್ಞೆ ಕೊಡ್ದೇನೇ ಅದು ತಿರುಗ್ಲಿಲ್ವಾ?” ಎಂದು ಹಲ್ಲು ಕೊರೆಯುವ ಬೈರಿಗೆ ಝಳಪಿಸುತ್ತಾರೆ, ನಾನು “ಆಂ ಆಂ” ಎಂದರೆ ಒಪ್ಪಿದೆನೆಂದೇ ಲೆಕ್ಕ. ಶನಿವಾರ ಎಂಪನಾಡ ಎಂಬ ಕಡುಬು ಮಾರುವ ಅಂಗಡಿಯಲ್ಲಿ ಅಭಿಮಾನಿಗಳೆಲ್ಲ ಸೇರಿದಾಗ ಮಾತ್ರ ಒತೀಲಿಯಾ ಟೀಚರು ಬಿಡುವುದಿಲ್ಲ. “ಹಂಗಾದ್ರೆ ಅವಳಿಗೆ ಹಸಿವಾದಾಗೆಲ್ಲ ನೌಕೆ ಹೋಟ್ಲಿಗೇ ನುಗ್ಬೇಕಲ್ಲ ಡಾಕ್ಟ್ರೇ!” ಎನ್ನುತ್ತಾರೆ. ಡಾಕ್ಟರು ಮುಖ ಕೆಂಪಗೆ ಮಾಡಿಕೊಂಡು ಮೇಜು ಗುದ್ದುತ್ತಾರೆ. ಇಷ್ಟು ಹಟ ಯಾಕೆಂದು ನನಗೆ ತಿಳಿದದ್ದು ಒಂದು ಸಂಜೆ ಅವರ ಮನೆಗೆ ಹೋದಾಗ. ಪಾರ್ಶ್ವವಾಯು ಬಡಿದು ಅವರ ಹೆಂಡತಿ ಇನೇಸ್‌ಗೆ ಮಾತು ನಿಂತುಹೋಗಿದೆ. ಧಾರಾವಾಹಿ ನಡೆಯುತ್ತಿತ್ತು, ಆಕೆ ಎಡಗೈ ಎತ್ತಿದರು. “ನೀರು ಬೇಕಾ ಚಿನ್ನ? ದಿಂಬು ಸರಿಮಾಡ್ಲಾ? ಕಿಟಕಿ ಹಾಕ್ಲಾ?” ಎಂದು ಡಾಕ್ಟರು ಕೇಳುತ್ತಾ ಹೋದರು, ಆಕೆ ಅಲ್ಲವೆಂದು ತಲೆಯಲ್ಲಾಡಿಸುತ್ತಾ ಹೋದರು. “ಆ ಪಟ್ಟಿ ನಿಜವಾಗ್ಲೂ ಇದ್ದಿದ್ರೆ...” ಎಂದು ಡಾಕ್ಟರು ಮತ್ತೆ ಶುರು ಮಾಡಿದರು. ಆಗ ಇನೇಸ್ ತಮ್ಮ ಅಂಗೈಯನ್ನು ಗಂಡನ ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲೇ ಟೀವಿ ತೋರಿಸಿ, ಮೈಯೆಲ್ಲ ಅಲುಗುವಂತೆ ನಕ್ಕರು. ಡಾಕ್ಟರು ಆ ಕೈಯನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತರು; ಧಾರಾವಾಹಿ ಮುಗಿಯುವ ತನಕ ತುಟಿ ಬಿಚ್ಚಲಿಲ್ಲ.