ಎರಡು ಪದರದ ಡಿಸ್ಕು, ಅಕ್ಕನ ಆರತಿ ಪದ

ನನ್ನ ಮದುವೆಯ ಡಿಸ್ಕಿನ ಅಂಚಿನಲ್ಲಿ ಮೊದಲು ಕಂಡದ್ದು ಚಹಾದ ಹನಿ ಬಿದ್ದಂಥ ಒಂದು ಕಂದು ಕಲೆ. ಸೆರಗಿನಿಂದ ಒರೆಸಿದೆ, ಹೋಗಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಉಗುರಾಡಿಸಿ ನೋಡಿದರೆ ಕಲೆ ಮೇಲಿರಲೇ ಇಲ್ಲ, ಒಳಗಿತ್ತು. ಆ ವರ್ಷ ಟಿವಿಗೆ ಹಚ್ಚಿದಾಗ ಅಕ್ಕಿಕಾಳು ಬೀಳುವ ಹೊತ್ತಿಗೆ ಚಿತ್ರ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಮರುವರ್ಷ ಅಕ್ಕಿಕಾಳು ಬೀಳಲೇ ಇಲ್ಲ. ಎಲ್ಲರ ಕೈಗಳು ಮೇಲೆತ್ತಿದಂತೆಯೇ ನಿಂತವು, ಮುಖಗಳು ಚೌಕ ಚೌಕವಾಗಿ ಒಡೆದವು, ಆಮೇಲೆ ಒಮ್ಮೆಲೇ ಊಟದ ಪಂಕ್ತಿ ಬಂತು. ಈ ವರ್ಷ ಊಟದ ಪಂಕ್ತಿಯೂ ಹೋಗಿತ್ತು. ಕಲೆ ಒಂದು ಬೆರಳು ಒಳಗೆ ಬಂದಿತ್ತು.

ಆ ಡಿಸ್ಕಿನಲ್ಲಿ ನನಗೆ ಬೇಕಾದದ್ದು ನನ್ನ ಮದುವೆಯಲ್ಲ. ನಾಲ್ಕು ತಾಸಿನ ಚಿತ್ರದ ಕೊನೆಗೆ, ನನ್ನನ್ನು ಗಂಡನ ಮನೆಗೆ ಕಳಿಸುವಾಗ, ನನ್ನ ಅಕ್ಕ ಹಾಡಿದ ಒಂದು ಆರತಿ ಪದ ಇದೆ. ಅಕ್ಕನನ್ನು ಯಲಬುರ್ಗಾಕ್ಕೆ ಕೊಟ್ಟಿದ್ದರು. ನನ್ನ ಮದುವೆಯಾದ ಎರಡು ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡಳು. ಅವಳ ಮಗಳಿಗೆ ಆಗ ನಾಲ್ಕು ವರ್ಷ. ಆ ಕೂಸನ್ನು ನಾನೇ ನನ್ನ ಗಂಡನ ಊರು ಸಿದ್ದಾಪುರಕ್ಕೆ ತಂದು ಸಾಕಿದೆ. ತಾಯಿಯ ಫೋಟೋ ಅವಳ ಹತ್ತಿರ ಮೂರು ಇವೆ. ದನಿ ಮಾತ್ರ ಆ ಡಿಸ್ಕಿನಲ್ಲಿ ಬಿಟ್ಟರೆ ಎಲ್ಲೂ ಇಲ್ಲ.

ಈಗ ಆ ಹುಡುಗಿಯ ಮದುವೆ ಗೊತ್ತಾಗಿದೆ. ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ರೊಟ್ಟಿ ಬಡಿಯುತ್ತಿದ್ದ ನನ್ನ ಬೆನ್ನ ಹಿಂದೆ ನಿಂತು ಹೇಳಿದಳು.

“ಚಿಗವ್ವ, ನನ್ನ ಕಳಸೋ ಹೊತ್ತಿನ್ಯಾಗ ಅವ್ವನ ಪದಾನ ಹಚ್ಚಬೇಕು. ಬ್ಯಾರೆ ಯಾರೂ ಹಾಡೋದು ಬ್ಯಾಡ.”

“ಆತವ್ವ” ಅಂದೆ. ಕಲೆಯ ಮಾತು ಆಡಲಿಲ್ಲ.

ಡಿಸ್ಕಿನಿಂದ ಒಂದು ನಕಲು ಪೆನ್‌ಡ್ರೈವಿನಲ್ಲಿ ಇತ್ತು. ನನ್ನ ಯಜಮಾನರು ಸರ್ಕಾರಿ ಆಫೀಸಿನಲ್ಲಿ ಅಟೆಂಡರ್. ಚುನಾವಣೆ ತರಬೇತಿಯ ವಿಡಿಯೋ ತುಂಬಿಕೊಳ್ಳಲು ಆ ಪೆನ್‌ಡ್ರೈವ್ ಒಯ್ದು ಅದರಲ್ಲಿದ್ದದ್ದನ್ನು ಅಳಿಸಿಬಿಟ್ಟಿದ್ದರು.

“ಅದರಾಗ ಏನೋ ದೊಡ್ಡದು ಇತ್ತು, ಜಾಗ ಸಾಲಲಿಲ್ಲ, ತೆಗದೆ” ಅಂದರು.

“ನಮ್ಮ ಮದುವಿನ ಇತ್ತು.”

“ಹೌದಾ? ಮದುವಿ ಆಗೇತಲ್ಲ, ಇನ್ನ್ಯಾಕ ನೋಡ್ತಿ.”

ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಒಮ್ಮೆ ಬರೆದರೆ ಮತ್ತೆ ಯಾರೂ ಅಳಿಸಲಾಗದಂಥದ್ದು ಬೇಕು ಅಂತ ಆವತ್ತೇ ಮನಸ್ಸಿನಲ್ಲಿ ಗಟ್ಟಿಯಾಯಿತು.

ಗಂಗಾವತಿಗೆ ಹೊರಟ ಮುಂಜಾನೆ ದೇವರ ಜಗಲಿಯ ಮೇಲಿಂದ ಡಿಸ್ಕು ತೆಗೆಯುವಾಗ ಹಲ್ಲಿ ಲೊಚಗುಟ್ಟಿತು. ಕೈಮುಗಿದು, ಒಂದು ಗುಟುಕು ನೀರು ಕುಡಿದು, ಸ್ವಲ್ಪ ಕೂತು ಎದ್ದೆ. ಬಸ್ಸು ಶ್ರೀರಾಮನಗರ ದಾಟುವವರೆಗೂ ಆ ಸದ್ದು ಕಿವಿಯಲ್ಲೇ ಇತ್ತು. ಗದ್ದೆಗಳಿಗೆ ಆಗಲೇ ನೀರು ಬಿಟ್ಟಿದ್ದರು. ಕಾಲುವೆ ಸೀಮೆಯ ತಂಪು ಕಬ್ಬಿಣವನ್ನೂ ತಿನ್ನುತ್ತದೆ. ನಾನು ಹುಟ್ಟಿದ ಕುಷ್ಟಗಿ ಕಡೆಯ ಒಣ ಹವೆಯಲ್ಲಿ ಇಟ್ಟಿದ್ದರೆ ಈ ಡಿಸ್ಕು ಉಳಿಯುತ್ತಿತ್ತೇನೋ ಅಂತ ಅಂದುಕೊಂಡೆ. ತಪ್ಪನ್ನು ಹವೆಯ ಮೇಲೆ ಹೊರಿಸಿದರೆ ಮನಸ್ಸಿಗೆ ಹಗುರ.

ನಮ್ಮ ಮದುವೆ ತೆಗೆದ ಸ್ಟುಡಿಯೋದವನು ಈಗ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್ ಮಾಡಿಕೊಂಡಿದ್ದಾನೆ. ನಮ್ಮ ಮದುವೆಯ ಮೂಲ ಟೇಪು ಎಂದೋ ಅಳಿಸಿ ಬೇರೆಯವರ ಮದುವೆಗೆ ಬಳಸಿಯಾಗಿತ್ತು. ಅವನು ಡಿಸ್ಕನ್ನು ಬೆಳಕಿಗೆ ಹಿಡಿದ.

“ಅಕ್ಕಾರ, ಈ ಹೊಳಿಯೋ ಕಡಿ ಏನು ಹಚ್ಚೀರಿ?”

“ಇಬತ್ತಿ.”

“ಒಂದ್ಸಲಾನಾ?”

“ವರ್ಷಾ ವರ್ಷಾ. ಆಯುಧಪೂಜಿ ದಿನ.”

ನಮ್ಮ ಮನೆಯಲ್ಲಿ ಆ ದಿನ ಒಲೆಗೆ, ಮಿಕ್ಸರಿಗೆ, ಹೊಲಿಗೆ ಮಿಷನ್ನಿಗೆ, ಎಲ್ಲಕ್ಕೂ ಮೂರು ಬೆರಳಿನ ವಿಭೂತಿ ಎಳೆಯುತ್ತೇವೆ. ಅಕ್ಕ ಇರುವ ಡಿಸ್ಕನ್ನು ಬಿಡುವುದು ಹೇಗೆ? ಚಿತ್ತಾರ ಇರುವ ಕಡೆ ಬೆನ್ನು, ಕನ್ನಡಿಯಂತೆ ಹೊಳೆಯುವ ಕಡೆ ಮುಖ ಅಂತ ತಿಳಿದು ಮುಖಕ್ಕೇ ಹಚ್ಚುತ್ತಿದ್ದೆ. ಮರುದಿನ ಒದ್ದೆ ಬಟ್ಟೆಯಿಂದ ಗುಂಡಗೆ ಒರೆಸುತ್ತಿದ್ದೆ. ಹಾಡು ಬರೆದಿರುವುದು ಆ ಮುಖದ ಒಳಗೇ, ಒಣ ವಿಭೂತಿ ಅದನ್ನು ಗೀಚುತ್ತದೆ, ಒದ್ದೆ ಬಟ್ಟೆಯ ನೀರು ಅಂಚಿನ ಅಂಟಿನೊಳಗೆ ಇಳಿಯುತ್ತದೆ ಅಂತ ಅವನು ಮೆಲ್ಲಗೆ ಹೇಳಿದ. ಬೈದಿದ್ದರೆ ಒಳ್ಳೆಯದಿತ್ತು.

“ಇದು ಎರಡು ಪದರದ ಡಿಸ್ಕ್ ನೋಡ್ರಿ. ಮೊದಲನೇ ಪದರ ನಡುವಿನ ತೂತಿನ ಹತ್ರ ಸುರು ಆಗಿ ಅಂಚಿಗೆ ಹೋಗ್ತದ. ಎರಡನೇದು ಅಂಚಿನಿಂದ ತಿರುಗಿ ನಡುವಕ್ಕ ಬರ್ತದ. ಅದಕ್ಕ ಅಂಚು ಕೆಟ್ರ ಮೊದಲ ಹೋಗೋದು ಚಿತ್ರದ ನಡುವಿನ ಭಾಗ. ಅಲ್ಲಿಂದ ಎರಡೂ ಕಡಿ ತಿನಕೋತ ಹೊಕ್ಕತಿ.”

“ಕಡೀಕಿನ ಆರತಿ?”

“ಅದು ತೂತಿನ ಹತ್ರ ಐತಿ. ಇನ್ನ ಕಲೆ ಮುಟ್ಟಿಲ್ಲ. ಆದ್ರ ಅಲ್ಲೇ ಒಂದು ಬಿರುಕು ಐತಿ, ಕಂಡ್ತಾ?”

ಕೂದಲೆಳೆಯಂಥ ಗೆರೆ. ಡಬ್ಬಿಯ ನಡುವಿನ ಗುಬುಟಿನಿಂದ ನಾನು ಬಗ್ಗಿಸಿ ಬಗ್ಗಿಸಿ ಕಿತ್ತದ್ದರ ಗುರುತು. ಓಡಿಸಿದರೆ ಒಡೆಯಬಹುದು, ಓಡಿಸದಿದ್ದರೆ ಕಲೆ ಬಂದು ತಿನ್ನುತ್ತದೆ, ಒಂದೇ ಒಂದು ಸಲ ನೋಡೋಣ ಅಂದ. ಕೆಟ್ಟ ಜಾಗ ಬಿಟ್ಟು ಓದುವ ಹಳೆಯ ಕಂಪ್ಯೂಟರು ಅವನ ಹತ್ತಿರ ಇತ್ತು. ಆದರೆ ಹೋದ ಮಳೆಗಾಲದ ಸಿಡಿಲಿಗೆ ಅದರ ಪೆನ್‌ಡ್ರೈವ್ ಕಿಂಡಿಗಳು ಸುಟ್ಟಿದ್ದವು, ಸ್ಪೀಕರೂ ಸುಟ್ಟಿದ್ದರಿಂದ ಫೋನಿನಲ್ಲಿ ದನಿ ಹಿಡಿಯುವಂತೆಯೂ ಇರಲಿಲ್ಲ. ನೆಟ್ಟೂ ಇಲ್ಲ. ಒಳಗೆ ಹೋದದ್ದು ಹೊರಗೆ ಬರಬೇಕಾದರೆ ಡಿಸ್ಕಿನ ಮೇಲೇ ಬರಬೇಕು. ಮದುವೆಯೆಲ್ಲ ಒಂದೇ ಗಂಟು, ಬಿಡಿಸಿ ತುಂಡು ಮಾಡುವ ತ್ರಾಣ ಆ ಮುದಿ ಯಂತ್ರಕ್ಕಿಲ್ಲ. ಅದಕ್ಕೆ ಎರಡು ಪದರದ್ದೇ ಬೇಕು.

“ಬಿಡಿ ಡಿಸ್ಕ್ ತರಬ್ಯಾಡ್ರಿ” ಅಂತ ಬುದ್ಧಿ ಹೇಳಿ ಕಳಿಸಿದ. “ಡಬ್ಬಿ ಇರಬೇಕು, ಮ್ಯಾಲಿನ ಹಾಳಿ ಹರದಿರಬಾರದು. ಬಿಸಿಲಿಗೆ ಇಟ್ಟದ್ದು ಬ್ಯಾಡ. ಎಂಟೂವರಿ ಜಿಬಿ ಅಂತ ಬರದಿರ್ತದ, ಅದ ಎರಡು ಪದರದ್ದು. ಅಂಚು ನೋಡ್ರಿ, ಅಂಟು ಎಲ್ಲೂ ಬಾಯಿ ಬಿಟ್ಟಿರಬಾರದು.”

ನಾಲ್ಕು ಅಂಗಡಿ ತಿರುಗಿದೆ. ಎರಡರಲ್ಲಿ ನಕ್ಕರು. ಮೂರನೆಯದರಲ್ಲಿ ಕನ್ನಡಕ ಹಾಕಿದ ಹಿರಿಯರು ಒಳಗಿನ ಕಪಾಟಿನಿಂದ ಡಬ್ಬಿಯ ಡಿಸ್ಕು ತಂದಿಟ್ಟರು. ಬೆಲೆ ಕೇಳಿ ಕೈ ಹಿಂದೆ ತೆಗೆದೆ.

“ಒಂದಕ್ಕ ಇಷ್ಟಾ, ಅಣ್ಣಾರ?”

“ಮಾಡೋರ ಕಡಿಮಿ ಆಗ್ಯಾರಮ್ಮ. ಸಾಮಾನು ಚಲೋ ಐತಿ.”

“ಇನ್ನೊಂದೆರಡು ಕಡಿ ನೋಡಿ ಬರ್ತೀನ್ರಿ.”

“ನೋಡ್ರಿ. ನೋಡಿ ಇಲ್ಲೇ ಬರ್ತೀರಿ.”

ಆ ಮಾತು ಸೊಕ್ಕಿನದು ಅನ್ನಿಸಿತು. ನಾಲ್ಕನೆಯ ಅಂಗಡಿಯಲ್ಲಿ ಕೋಲಿಗೆ ಪೋಣಿಸಿದ ಬಿಡಿ ಡಿಸ್ಕುಗಳಿದ್ದವು. ಮೇಲೆ ಎಂಟೂವರೆ ಅಂತಲೇ ಬರೆದಿತ್ತು. ಆ ಒಂದರ ರೊಕ್ಕಕ್ಕೆ ಇಲ್ಲಿ ನಾಲ್ಕು. ಒಂದು ಕೆಟ್ಟರೆ ಇನ್ನೂ ಮೂರು ಇರುತ್ತವಲ್ಲ ಅಂತ ಸಂತೆಯಲ್ಲಿ ಬದನೆಕಾಯಿ ಆರಿಸುವ ಲೆಕ್ಕ ಹಾಕಿದೆ. ಶಿವನೇ ತೋರಿಸಿಕೊಟ್ಟ ಅಂತ ಕೈಯನ್ನೂ ಮುಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ನನ್ನ ಆಸೆಗೆ ಅವನ ಹೆಸರು ಇಟ್ಟಿದ್ದೆ.

ಸ್ಟುಡಿಯೋದವನು ಅವನ್ನು ನೋಡಿ “ಹಂ” ಅಂದ, ಅಷ್ಟೇ.

ಹಳೆಯ ಡಿಸ್ಕನ್ನು ಹಾಕಿ, ಕೊನೆಯ ಕಡೆಯಿಂದ, ಅತಿ ನಿಧಾನಕ್ಕೆ ಓದಲು ಹಚ್ಚಿದ. ಯಂತ್ರ ಗೊರಗುಟ್ಟುತ್ತ, ನಡುನಡುವೆ ತಡೆದು ನಿಲ್ಲುತ್ತ, ಮತ್ತೆ ಗೊರಗುಟ್ಟುತ್ತಿತ್ತು. ನಾನು ಸ್ಟೂಲಿನ ಮೇಲೆ ಕೂತು ಮನಸ್ಸಿನಲ್ಲೇ ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದೆ. “ಆರತಿ ಬಂತ್ರಿ” ಅಂದ. “ಊಟದ ಪಂಕ್ತಿ ಒಂದಿಷ್ಟು ಬಂತು” ಅಂದ. ಅರ್ಧಕ್ಕಿಂತ ಹೆಚ್ಚು ಬಂದಿತ್ತು. ಆಗ ಒಳಗೆ ಬಳೆ ಒಡೆದಂಥ ಒಂದು ಸಪ್ಪಳವಾಯಿತು. ಗೊರಗುಟ್ಟುವುದು ನಿಂತಿತು.

ಅವನು ಟ್ರೇ ಎಳೆದ. ಮೂರು ಚೂರು, ಸಣ್ಣ ಪುಡಿ. ಒಂದು ಚೂರಿನ ಮೇಲೆ ನನ್ನ ವಿಭೂತಿಯ ಗೀರು ಬಿಳಿದಾಗಿ ಕಾಣುತ್ತಿತ್ತು. ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಇನ್ನು ಅಕ್ಕನ ದನಿ ಲೋಕದಲ್ಲಿ ಇದ್ದದ್ದು ಆ ಮುದಿ ಕಂಪ್ಯೂಟರಿನಲ್ಲಿ ಮಾತ್ರ.

ಅವನು ಪುಡಿ ಊದಿ, ಪೆಟ್ಟಿಗೆಯಿಂದ ಇನ್ನೊಂದು ಬರೆಯುವ ಡ್ರೈವ್ ತೆಗೆದು ಜೋಡಿಸಿದ. ಬಿಡಿ ಡಿಸ್ಕುಗಳಲ್ಲಿ ಮೊದಲನೆಯದು ಹಾಕಿದ ಕೂಡಲೇ ಸುಳ್ಳು ಹೊರಬಿತ್ತು. ಮೇಲೆ ಎಂಟೂವರೆ, ಒಳಗೆ ಒಂದೇ ಪದರ. ಎರಡನೆಯದು ಮೊದಲ ಪದರ ಬರೆದು ಎರಡನೆಯದಕ್ಕೆ ತಿರುಗುವಾಗ ಸತ್ತಿತು. ಮೂರನೆಯದು ಹಾಗೆಯೇ. ನಾಲ್ಕನೆಯದರ ಅಂಟು ಬಾಯಿ ಬಿಟ್ಟಿತ್ತು, ಅದನ್ನು ಅವನು ಹಾಕಲೇ ಇಲ್ಲ. ಅಷ್ಟರಲ್ಲಿ ಸಂಜೆಯ ಬಸ್ಸಿನ ಹೊತ್ತಾಗಿತ್ತು, ಅಂಗಡಿಗಳ ಬಾಗಿಲು ಬೀಳುತ್ತಿದ್ದವು. ಮೂಡಣ ಕಡೆ ಮೋಡ ಕಪ್ಪಗಾಗಿತ್ತು.

“ಬಂದ್ ಮಾಡಿದ್ರ ಮತ್ತ ಏಳತೈತೋ ಇಲ್ಲೋ ಗೊತ್ತಿಲ್ರಿ. ಹಿಂಗ ಬಿಟ್ಟಿರ್ತೀನಿ” ಅಂದ. “ಕರೆಂಟ್ ಹೋಗಬಾರದು, ನೋಡ್ರಿ.”

ಮನೆಯಲ್ಲಿ ಹುಡುಗಿ “ಆತಾ, ಚಿಗವ್ವ?” ಅಂದಳು. “ನಾಳೆ ಆಗ್ತದ” ಅಂದೆ. ಸೆರಗಿನ ಗಂಟು ಅವಳಿಗೆ ಕಾಣದಂತೆ ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ.

ಮರುದಿನ ಮೊದಲ ಬಸ್ಸು ಹಿಡಿದೆ. ಶ್ರೀರಾಮನಗರದಲ್ಲಿ ರಸ್ತೆ ಒದ್ದೆಯಾಗಿತ್ತು. ಒಂದು ಮರ ತಂತಿಯ ಮೇಲೆ ವಾಲಿತ್ತು. ಅದನ್ನು ನೋಡಿದ ಮೇಲೆ ಕಿಟಕಿಯ ಹೊರಗೆ ನೋಡಲಿಲ್ಲ. ಕನ್ನಡಕದ ಹಿರಿಯರು ಅಂಗಡಿಗೆ ನೀರು ಚಿಮುಕಿಸುತ್ತಿದ್ದರು.

“ಬಂದ್ರ್ಯಾ ಅಮ್ಮ. ಎಷ್ಟು ಕೆಟ್ಟವು?”

“ನಾಕೂ.”

ಅವರು ನಗಲಿಲ್ಲ. ಎರಡು ಡಬ್ಬಿ ಇಟ್ಟು, ಉಳಿದದ್ದು ಇವೆರಡೇ, ಎರಡೂ ಒಯ್ದರೆ ಎರಡನೆಯದು ಅರ್ಧ ಬೆಲೆಗೆ ಅಂದರು. ಹಾಳೆ ಹರಿದಿರಲಿಲ್ಲ. ಡಬ್ಬಿ ಹೊರಳಿಸಿ ಅಂಚು ನೋಡಿದೆ, ಅಂಟು ಸಮನಾಗಿತ್ತು. ಈ ಸಲ ಚೌಕಾಸಿ ಮಾಡಲಿಲ್ಲ.

ಗಂಗಾವತಿಯ ಆ ಓಣಿಯಲ್ಲಿ ಮಾತ್ರ ಕರೆಂಟ್ ಹೋಗಿರಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡೆ. ಸ್ಟುಡಿಯೋದವನು ಅತಿ ನಿಧಾನದ ವೇಗಕ್ಕೆ ಇಟ್ಟು ಬರೆದ. ಪದರ ತಿರುಗುವ ಹೊತ್ತಿಗೆ ಅವನೂ ಉಸಿರು ಹಿಡಿದಿದ್ದ. ತಿರುಗಿತು. ಎರಡನೆಯ ಡಿಸ್ಕೂ ಆಯಿತು. ಅದನ್ನು ಅವನ ಕಪಾಟಿನಲ್ಲೇ ಬಿಟ್ಟು ಬಂದೆ. ಎರಡನ್ನೂ ಒಂದೇ ಸೂರಿನಡಿ ಇಡಲು ಧೈರ್ಯ ಬರಲಿಲ್ಲ. ಮೂರು ದಿನದ ಮೇಲೆ ಫೋನ್ ಮಾಡಿದ. ಆ ಕಂಪ್ಯೂಟರು ಏಳಲಿಲ್ಲವಂತೆ.

ಹುಡುಗಿಯನ್ನು ಕೂಡಿಸಿ ಹಚ್ಚಿದೆ. ಹಿತ್ತಾಳೆಯ ಆರತಿ ತಟ್ಟೆ, ಅಕ್ಕನ ಹಸಿರು ಬಳೆಗಳು, ತುಟಿ ಅಲುಗುತ್ತಿವೆ, ದನಿ ಇಲ್ಲ. ಮೊದಲ ನುಡಿಯ ಮೇಲೆ ನನ್ನ ಮೂರು ಬೆರಳು ಹಾದುಹೋಗಿದ್ದವು. ಎರಡನೆಯ ನುಡಿಗೆ ದನಿ ಬಂತು, ಕೊನೆಯವರೆಗೂ ಇತ್ತು. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

“ಇದು ನಿನ್ನ ದನಿ ಅಲ್ಲಾ?”

“ಅಲ್ಲವ್ವ. ಆಕಿದ.”

“ಮೊದಲಿಂದು ಎಲ್ಲಿ ಹೋತು?”

ಚೂರುಗಳ ಗಂಟು ತಂದು ಬಿಚ್ಚಿ, ಇಬತ್ತಿಯ ಮಾತು ಹೇಳಿದೆ. ಅವಳು ಒಂದು ಚೂರನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಆಮೇಲೆ “ಹಂಗಾರ ಮೊದಲಿಂದು ನೀ ಹಾಡಬೇಕು. ಅವ್ವ ಮುಂದ ಹಾಡ್ತಾಳ” ಅಂದಳು. ನನ್ನ ದನಿ ಒಡಕು. ಆದರೂ ಈಗ ದಿನಾ ನೀರು ತುಂಬುವಾಗ ಆ ಒಂದು ನುಡಿ ಹೇಳಿಕೊಳ್ಳುತ್ತೇನೆ.

ಮದುವೆಗೆ ಇನ್ನು ಹನ್ನೊಂದು ದಿನ. ಡಿಸ್ಕು ಜಗಲಿಯ ಮೇಲಿಲ್ಲ, ಟ್ರಂಕಿನಲ್ಲಿ ರೇಷ್ಮೆ ಸೀರೆಯ ನಡುವೆ ಇದೆ. ದಿನಾ ಪೂಜೆಯಾದ ಮೇಲೆ ಕೈಯ ವಿಭೂತಿ ತೊಳೆದು, ಪೂರ್ತಿ ಒರೆಸಿಕೊಂಡು, ಎರಡು ಅಂಗೈಗಳ ನಡುವೆ ಅಂಚು ಹಿಡಿದು ಬಾಗಿಲ ಬೆಳಕಿಗೆ ಒಡ್ಡುತ್ತೇನೆ. ಹೊಸದೂ ಒಂದು ದಿನ ಹಳೆಯದಾಗುತ್ತದೆ, ಯಾವ ಕಡೆಯಿಂದ ಸುರುವಾಗುತ್ತದೆ ಅಂತ ನನಗೀಗ ಗೊತ್ತು. ಇವತ್ತು ಅಂಚು ಸುತ್ತಲೂ ಸ್ವಚ್ಛ ಇತ್ತು. ಇವತ್ತಿನದಕ್ಕೆ ಕೈಮುಗಿದು ಟ್ರಂಕು ಮುಚ್ಚಿದೆ.