ಎಕೋ ಆಫ್ ಮಾಡಿದ ಜಯಂತ

ಇಲ್ಲ... ಇದು ಸುಳ್ಳಾಗಿರಬೇಕು...

ಬೆಳಿಗ್ಗೆ ಕಾಲೇಜ್ ಗ್ರೂಪಿನಲ್ಲಿ ಓದಿದೆ.
ಸುಳ್ಯದ ಹತ್ತಿರದ ಮಂಡೆಕೋಲಿನ ನಮ್ಮ ಜಯಂತ ಹೋದನಂತೆ. ಹಾರ್ಟ್ ಅಟ್ಯಾಕ್...
ನಂಬದೆ ಅವನ ನಂಬರಿಗೇ ಫೋನ್ ಮಾಡಿದೆ.
ಹೆಂಡತಿ ಎತ್ತಿದರು. "ಹೌದು ಅಕ್ಕ..."

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.
ಟೈಪ್ ಮಾಡುವುದು... ಅಳಿಸುವುದು...

ಎಂಬತ್ತರ ದಶಕದ ಪುತ್ತೂರು. ನಾನು ಫಸ್ಟ್ ಇಯರ್.
ಊಟಿಯ ಬೋರ್ಡಿಂಗ್ ಶಾಲೆಯಿಂದ ಬಂದವಳು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಪೂರ್ತಿ ಹೆದರಿಕೆ.

ಕ್ಲಾಸ್‌ಮೇಟ್ ಜಯಂತನ ಅಣ್ಣ ದುಬೈಯಿಂದ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡ್ ತಂದಿದ್ದರು.
ಅವನಿಗೆ ಬಾರಿಸಲು ಬರುತ್ತಿರಲಿಲ್ಲ. ನನಗೆ ಊಟಿಯ ಶಾಲೆಯ ಪಿಯಾನೊ ಗೊತ್ತಿತ್ತು, ತಿರುಗಿಸಿ ಸದ್ದು ಬದಲಿಸುವ ಆ ನಾಬ್‌ಗಳು ಗೊತ್ತಿರಲಿಲ್ಲ.
ಹಾಗಾಗಿ ಒಂದು ವಾದ್ಯಕ್ಕೆ ಇಬ್ಬರು...
ಕೀ ನನ್ನದು. ನಾಬ್ ಅವನದು.

"ಏ ಕಾನ್ವೆಂಟು, ಈಗ ಕೋರಸ್ ಹಾಕ್ತೇನೆ, ಕೇಳು!"
ಒಂದು ಪಿಟೀಲಿನ ಸದ್ದು ಹತ್ತು ಪಿಟೀಲಾಗುತ್ತಿತ್ತು. ಟ್ರೆಮೊಲೊ ಹಾಕಿದರೆ ಸ್ವರ ಗಾಳಿಗಿಟ್ಟ ದೀಪದ ಹಾಗೆ ನಡುಗುತ್ತಿತ್ತು.
ಒಮ್ಮೆ ನಾಬ್ ತಿರುಗಿಸಿದರೆ ಹಳೆಯ ಸೆಟ್ಟಿಂಗ್ ಆ ಮೆಷಿನ್‌ಗೆ ನೆನಪಿರುತ್ತಿರಲಿಲ್ಲ. ಯಾವ ಹಾಡಿಗೆ ನಾಬ್ ಎಲ್ಲಿಯವರೆಗೆ ತಿರುಗಬೇಕೋ ಅಲ್ಲಿ ನನ್ನ ಸ್ಟಿಕ್ಕರ್ ಬೊಟ್ಟು ಅಂಟಿಸುತ್ತಿದ್ದ.
"ನನಗೇ ಬೊಟ್ಟು ಉಳೀಲಿಲ್ಲ ಮಾರಾಯ!"
"ನಿನ್ನ ಹಣೆಗಿಂತ ಇದಕ್ಕೇ ಚಂದ ಕಾಣ್ತದೆ."

ನನಗೆ ಬೇಕಾಗಿದ್ದು ಎಕೋ ಮಾತ್ರ. ಫುಲ್ ಎಕೋ...
ಅದರೊಳಗೆ ನನ್ನ ತಪ್ಪು ಸ್ವರಗಳೆಲ್ಲ ಮುಚ್ಚಿಹೋಗುತ್ತಿದ್ದವು.

ಕಡಬದಲ್ಲಿ ಎನ್ನೆಸ್ಸೆಸ್ ಕ್ಯಾಂಪಿನ ಸಮಾರೋಪ. ನನ್ನ ಮೊದಲ ಸ್ಟೇಜ್.
ಶಾಲೆಯ ಹಾಲ್, ಮೇಲೆ ಜಿಂಕ್ ಶೀಟು.
ಪುತ್ತೂರಿನ ಪುಟ್ಟ ಪ್ರಾಕ್ಟೀಸ್ ರೂಮಿನಲ್ಲಿ ಅಂಟಿಸಿದ ಬೊಟ್ಟನ್ನೇ ನಂಬಿ ಎಕೋ ತಿರುಗಿಸಿದೆವು...
ಮೊದಲ ಸ್ವರ ಶೀಟಿಗೆ ಬಡಿದು ವಾಪಸ್ ಬಂತು. ಎಕೋಗೆ ಎಕೋ... ನಮ್ಮ ಜೊತೆ ಹಾಡುತ್ತಿದ್ದವರ ತಾಳ ತಪ್ಪಿತು.
ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: "ಎಂತ ಮಾರಾಯ್ರೆ, ಬಾವಿಯೊಳಗೆ ಕೂತು ಹಾಡುದಾ?"

ಜಯಂತಾ... ನೆನಪುಂಟಾ ನಿನಗೆ?
ನೀನು ನಾಬ್‌ಗಳನ್ನೆಲ್ಲ ಸೊನ್ನೆಗೆ ತಂದೆ.
ನಾನು ಕಣ್ಣಲ್ಲೇ ಬೇಡ, ಬೇಡ ಎಂದೆ...
"ಹೆದರ್ಬೇಡ, ಬಾರಿಸು. ಎಕೋ ಈ ಹಾಲ್ ಕೊಡ್ತದೆ."

ಬಾರಿಸಿದೆ. ಒಂದು ಕಡೆ ಬೆರಳು ಜಾರಿತು. ಇಡೀ ಹಾಲಿಗೆ ಕೇಳಿತು.
ಹಾಡು ನಿಲ್ಲಲಿಲ್ಲ...
ಆಮೇಲೆ ಸ್ಟೇಜಿನ ಹಿಂದೆ ನಾನು ಅಳುತ್ತಿದ್ದೆ. "ಎಲ್ಲರಿಗೂ ನನ್ನ ತಪ್ಪು ಕೇಳಿತಲ್ಲ!"
ನೀನು ವಯರ್ ಸುತ್ತುತ್ತಾ ಹೇಳಿದೆ: "ಕೇಳ್ಲಿ ಮಾರಾಯ್ತಿ. ನೀನು ಬಾರಿಸಿದ್ದೂ ಇವತ್ತೇ ಕೇಳಿದ್ದು."

ಭಾನುವಾರ ಸುಳ್ಯದಲ್ಲಿ ನಿನಗೆ ನುಡಿನಮನ.
ನಿನ್ನ ಹೆಂಡತಿ ಕೇಳಿದ್ದಾರೆ... "ಅಕ್ಕ, ಅವರು ಹೇಳ್ತಿದ್ದ ಕಡಬದ ಆ ಹಾಡು ನೀವೇ ಬಾರಿಸ್ಬೇಕು. ಕೀಬೋರ್ಡ್ ಉಂಟು. ಬೊಟ್ಟುಗಳೂ ಹಾಗೇ ಉಂಟು."

ಹೂಂ ಎಂದುಬಿಟ್ಟೆ.
ಆಗಿನಿಂದ ಬೆರಳುಗಳು ಮೇಜಿನ ಮೇಲೆ ಸುಮ್ಮನೆ ಓಡುತ್ತಿವೆ.
ಪಕ್ಕದಲ್ಲಿ ನಾಬ್ ಹಿಡಿಯುವವನಿಲ್ಲ.

ಬೊಟ್ಟುಗಳನ್ನು ಮುಟ್ಟುವುದಿಲ್ಲ ಜಯಂತ. ಎಲ್ಲ ಸೊನ್ನೆಗಿಟ್ಟೇ ಬಾರಿಸುತ್ತೇನೆ.
ಬೆರಳು ಜಾರಿದರೆ ಜಾರಲಿ...
ಕೇಳಲಿ, ಎಲ್ಲರಿಗೂ.

ಹೋಗಿ ಬಾ ಗೆಳೆಯಾ... ನಿನ್ನ ಜೀವಕ್ಕೆ ತಂಪಾದ ನೆಮ್ಮದಿ ಸಿಗಲಿ.

ನಿನ್ನ,
ಕಾನ್ವೆಂಟು