ಕೌದಿಯ ಮೂಲೆಯ ರೊಟ್ಟಿ

ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಎಂಟು ವರ್ಷ ಖಾಲಿ ಕೂತಿತ್ತು. ಸಣ್ಣದೇನಲ್ಲ, ಒಂದು ತಿಂಗಳ ಜೋಳದ ಹಿಟ್ಟು ಹಿಡಿಯುವಂಥ ಭರ್ಜರಿ ಡಬ್ಬಿ. ನಮ್ಮೂರು ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಧೂಳು ಯಾರನ್ನೂ ಬಿಡುವುದಿಲ್ಲವಲ್ಲ, ಅವ್ವ ದಿನಾ ಅದನ್ನು ಒರೆಸುತ್ತಿದ್ದಳು. ಆದರೆ ಅದರೊಳಗೆ ಒಂದು ಕಾಳೂ ಹಾಕಲಿಲ್ಲ. ಬೇಳೆ ಹಳೆಯ ಎಣ್ಣೆ ಡಬ್ಬದಲ್ಲೇ ಇತ್ತು, ಹಿಟ್ಟು ಮುಚ್ಚಳ ಸೊಟ್ಟಗಾದ ತಗಡಿನ ಡಬ್ಬಿಯಲ್ಲೇ ಇತ್ತು. ಅದು ನನಗೆ ಹಾಕಿದ ಶಿಕ್ಷೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ತಪ್ಪು ನನ್ನದೇ. ತೊಂಬತ್ತೊಂಬತ್ತರ ದೀಪಾವಳಿಗೆ ಮುಂಚಿನ ಮಾತು. ಚಿತ್ತಾಪುರದ ಸಾಲೆಯಲ್ಲಿ ಟೀಚರ್ ಕೆಲಸ ಸಿಕ್ಕು ಒಂದು ವರ್ಷವಾಗಿತ್ತು, ತಲೆ ಸ್ವಲ್ಪ ಮೇಲೆಯೇ ಇತ್ತು ಅನ್ನಿ. ಅವ್ವ ಚಿಂಚೋಳಿಯ ತವರಿಗೆ ಹೋಗಿದ್ದಳು. ಅವಳು ಬರುವುದರೊಳಗೆ ಮನೆ ಸ್ವಚ್ಛ ಮಾಡಿ ಶಭಾಶ್ ಅನ್ನಿಸಿಕೊಳ್ಳಬೇಕೆಂದು ಟ್ರಂಕು ತೆಗೆದೆ. ಅಷ್ಟರಲ್ಲಿ ಓಣಿಯಲ್ಲಿ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಕೂಗುತ್ತ ಬಂದಳು. ನಾನು ಎರಡು ಹಳೆ ಸೀರೆ ಕೊಟ್ಟೆ. ಅವಳು ಒಂದು ಲೋಟ ತೋರಿಸಿದಳು. ನನಗೆ ಡಬ್ಬಿಯ ಮೇಲೆ ಕಣ್ಣು. ಟ್ರಂಕಿನ ತಳದಲ್ಲಿದ್ದ ಕೌದಿಯನ್ನೂ ಎತ್ತಿ ಅವಳ ಗಂಟಿನ ಮೇಲೆ ಹಾಕಿದೆ. ಅಂಚು ಹರಿದ, ಹೊಗೆ ವಾಸನೆಯ, ಭಾರವಾದ ಕೌದಿ. ಡಬ್ಬಿ ನನ್ನ ಕೈಗೆ ಬಂತು.

ಆ ಕೌದಿ ಹೊಲಿದವಳು ನಮ್ಮಜ್ಜಿ, ಅವ್ವನ ಅವ್ವ. ಅದರಲ್ಲಿ ಅಜ್ಜನ ರುಮಾಲಿನ ತುಂಡಿತ್ತು, ಅವ್ವನ ಮದುವೆಯ ಇಳಕಲ್ ಸೀರೆಯ ಅಂಚಿತ್ತು, ನಾನು ಕೂಸಾಗಿದ್ದಾಗಿನ ಕುಂಚಿಗೆಯೂ ಇತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ಅದಕ್ಕೇ ಹೇಳುತ್ತೇನೆ, ದಡ್ಡತನಕ್ಕೆ ಕ್ಷಮೆ ಸಿಗಬಹುದು, ಜಾಣತನಕ್ಕೆ ಸಿಗುವುದು ಕಷ್ಟ.

ಊರಿಂದ ಬಂದ ಅವ್ವ ಡಬ್ಬಿ ನೋಡಿ, "ಭಾಳ ಛಲೋ ಅದ. ಏನು ಕೊಟ್ಟಿ?" ಅಂದಳು. ಹೇಳಿದೆ. ಅವಳು ಬೈಯಲಿಲ್ಲ. ಕೊಡದಿಂದ ಒಂದು ಚೆಂಬು ನೀರು ತೆಗೆದು ನಿಂತೇ ಕುಡಿದಳು. ಆಮೇಲೆ ಮೂರು ವಾರ ಶಹಾಬಾದಿನ ಸಂತೆಗೆ ಹೋಗಿ ಹಳೆಬಟ್ಟೆಯ ರಾಶಿಗಳನ್ನು ತಡಕಿ ಬಂದಳೆಂದು ಪಕ್ಕದ ಮನೆಯಾಕೆಯಿಂದ ನನಗೆ ತಿಳಿಯಿತು. ನಾಲ್ಕನೆಯ ವಾರ ಹೋಗಲಿಲ್ಲ. ಅಂದಿನಿಂದ ಸೂಜಿ ಮುಟ್ಟುವುದನ್ನೂ ಬಿಟ್ಟಳು. ಓಣಿಯ ಅರ್ಧ ಮನೆಗಳಿಗೆ ಕೌದಿ ಹೊಲಿದು ಕೊಟ್ಟವಳು, ಯಾರಾದರೂ ಬಟ್ಟೆಯ ಗಂಟು ತಂದರೆ, "ಕಣ್ಣು ಮಂಜಾಗ್ಯಾವ ಯವ್ವಾ, ಬ್ಯಾಡ," ಎಂದು ವಾಪಸು ಕಳಿಸುತ್ತಿದ್ದಳು. ಅದೇ ಕಣ್ಣಿನಲ್ಲಿ ಅಕ್ಕಿಯ ಸಣ್ಣ ಹರಳನ್ನು ಬಾಗಿಲ ಬೆಳಕಿಗೆ ಹಿಡಿದು ಹೆಕ್ಕುತ್ತಿದ್ದಳು.

ಅಪ್ಪ ತೀರಿಕೊಂಡು ಬಹಳ ದಿನವಾಗಿತ್ತು. ನನ್ನ ಮದುವೆ ಯಾಕಾಗಲಿಲ್ಲ ಅನ್ನುವುದು ಬೇರೆಯೇ ಪುರಾಣ, ಇಲ್ಲಿ ಬೇಡ. ಮನೆಯಲ್ಲಿ ನಾವಿಬ್ಬರೇ. ಊಟ ಮಾಡ್ದೇನು, ರೈಲು ತಡ ಆಯ್ತೇನು, ಇಷ್ಟೇ ಮಾತು. ಮುನಿಸು ಎನ್ನುವಂತಿರಲಿಲ್ಲ. ಆದರೆ ಮೊದಲಿನ ಹಾಗೆ ಕಾಲು ಚಾಚಿ ಕೂತು ಊರ ಸುದ್ದಿಯನ್ನೆಲ್ಲ ಹಿಂಜುವ ಅವ್ವ ಎಲ್ಲೋ ಹೋಗಿಬಿಟ್ಟಿದ್ದಳು. ನನಗೆ ಅವಳು ಬೇಕಾಗಿದ್ದಳು.

ಆಕೆಯನ್ನು ನನಗೆ ವಾಪಸು ತಂದುಕೊಟ್ಟದ್ದು ಇಂಟರ್ನೆಟ್ಟು ಅಂದರೆ ನಗುತ್ತೀರಿ. ನಕ್ಕರೆ ನಗಿ.

ಎರಡು ಸಾವಿರದ ಆರೇಳರ ಹೊತ್ತಿಗೆ ವಾಡಿ ಸ್ಟೇಷನ್ನಿನ ಹತ್ತಿರದ ಎಸ್‌ಟಿಡಿ ಬೂತು ಇಂಟರ್ನೆಟ್ ಸೆಂಟರ್ ಆಗಿತ್ತು. ಮೂರು ಕಂಪ್ಯೂಟರ್, ಒಂದು ಯಾವಾಗಲೂ ಕೆಟ್ಟಿರುತ್ತಿತ್ತು. ಮಾಲೀಕರು ಐವತ್ತು ದಾಟಿದ ಮನುಷ್ಯ, ಕೀಬೋರ್ಡಿಗೆ ಟವೆಲ್ ಹೊದಿಸಿಟ್ಟು, ಗಿರಾಕಿ ಬಂದಾಗ ಹಸುಗೂಸಿನ ಮುಖ ತೆರೆಯುವ ಹಾಗೆ ತೆರೆಯುತ್ತಿದ್ದರು. "ಟೀಚರ್, ಮೆಲ್ಲಕ ಒತ್ರಿ, ಅದೇನು ನಿಮ್ಮ ಸಾಲಿ ಹುಡುಗರ ಬೆನ್ನಲ್ಲ," ಎಂದು ನನಗೆ ಯಾವಾಗಲೂ ಚುಚ್ಚುವರು. ಸಾಲೆಯ ಮಾಹಿತಿ ಕಳಿಸಲು ಹೋಗಿ ಕೂತವಳು ನಾನು, ಸುಮ್ಮನೆ ಅಲ್ಲಿ ಇಲ್ಲಿ ಒತ್ತುತ್ತ ಹೋದೆ. ಎಂಥೆಂಥ ಮಂದಿ ಇದ್ದಾರೆ ಈ ಭೂಮಿಯ ಮೇಲೆ! ಹಿಮದ ಊರಿನ ಒಬ್ಬಾತ ಬೀದಿಯಲ್ಲಿ ಬಿದ್ದ ಒಂಟಿ ಕೈಗವಸುಗಳ ಫೋಟೊಗಳನ್ನಷ್ಟೇ ತನ್ನ ಪುಟಕ್ಕೆ ಹಾಕುತ್ತಿದ್ದ. ಇನ್ನೊಬ್ಬ ತನ್ನ ಕಿಟಕಿಯಿಂದ ಕಾಣುವ ಒಂದೇ ಮರದ ಫೋಟೊವನ್ನು ದಿನಾ ಹಾಕುತ್ತಿದ್ದ, ವರ್ಷಗಟ್ಟಲೆ. ಒಬ್ಬಾಕೆ ತೀರಿಕೊಂಡ ಅಜ್ಜಿಯ ಮನೆಯ ಬಾಗಿಲು ಕಿರುಗುಟ್ಟುವ ಸದ್ದನ್ನು ಹಿಡಿದಿಟ್ಟಿದ್ದಳು.

ಕೈಗವಸಿನ ಸಂಗತಿಯನ್ನು ಒಂದು ಸಂಜೆ ಅವ್ವನಿಗೆ ಹೇಳಿದೆ, ಹೇಳಲು ಬೇರೇನೂ ಇರಲಿಲ್ಲವೆಂದು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಅಂದಳು: "ಪಾಪ, ಒಂದು ಕೈ ಥಂಡಿ ಆದವರು ಎಷ್ಟು ಮಂದಿ ಇದ್ದಾರ ನೋಡು." ಮರದವನ ಬಗ್ಗೆ ಹೇಳಿದೆ. "ಮನ್ಯಾಗ ಅವಗ ಮಾತಾಡ್ಲಿಕ್ಕ ಯಾರೂ ಇಲ್ಲ ಕಾಣಸ್ತದ. ಆ ಗಿಡಾನಾದ್ರೂ ಕೇಳ್ತದ ಬಿಡು." ಎಷ್ಟೋ ವರ್ಷಗಳ ಮೇಲೆ ಅವ್ವ ನನ್ನ ಜೊತೆ ಎರಡು ಉದ್ದನೆಯ ಮಾತಾಡಿದ್ದಳು. ನಾನು ಆ ರಾತ್ರಿ ಒಂದು ರೊಟ್ಟಿ ಜಾಸ್ತಿ ತಿಂದೆ.

ಹಾಗೆ ಶುರುವಾದದ್ದು ನನ್ನ ಬ್ಲಾಗು. ಕನ್ನಡ ಟೈಪು ಮಾಡಲು ಸೆಂಟರಿನ ಮಾಲೀಕರೇ ಕಲಿಸಿದರು, ಅವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ಚಿತ್ತಾಪುರದಿಂದ ಸಂಜೆಯ ರೈಲಿಗೆ ಬಂದಿಳಿದು ಅರ್ಧ ತಾಸು ಹುಡುಕುವುದು, ಸಿಕ್ಕಿದ್ದನ್ನು ಅವ್ವನಿಗೆ ಹೇಳುವುದು, ಮರುದಿನ ಆ ಸಂಗತಿಯ ಕೆಳಗೆ ಅವ್ವ ಅಂದದ್ದನ್ನು ಅಂದ ಹಾಗೇ ಬರೆಯುವುದು. ಓದುವವರು ಹತ್ತು ಹನ್ನೆರಡು ಮಂದಿ. ಸೇಡಂ ಕಡೆಯವರು ಒಬ್ಬರು ಎಲ್ಲೋ ದೂರದ ದೇಶದಲ್ಲಿದ್ದರು, ನಾನು ಎಷ್ಟೇ ಉದ್ದ ಬರೆದರೂ, "ಅದಿರಲಿ, ಅಮ್ಮ ಏನಂದ್ರು?" ಎಂದೇ ಕೇಳುತ್ತಿದ್ದರು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಹುಡುಕುವವಳು ನಾನು, ಹೆಸರು ಅವಳಿಗೆ!

ಅವ್ವನೂ ಕಾಯತೊಡಗಿದಳು. ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗೆ, "ಇವತ್ತು ಯಾವ ಹುಚ್ಚ ಸಿಕ್ಕ?" ಎಂದು ಕೇಳುವಳು. ಆದರೆ ಡಬ್ಬಿ ಖಾಲಿಯೇ ಇತ್ತು. ಅದನ್ನು ನೋಡಿದಾಗಲೆಲ್ಲ, ಸುಮ್ಮನಿರು, ಇಷ್ಟಾದರೂ ಸಿಕ್ಕಿದೆಯಲ್ಲ ಎಂದುಕೊಳ್ಳುತ್ತಿದ್ದೆ.

ಅದೊಂದು ಚಳಿಗಾಲ. ಹಳೆಯ ಬಟ್ಟೆಗಳನ್ನು ರಿಪೇರಿ ಮಾಡುವವರ ಒಂದು ಇಂಗ್ಲಿಷ್ ಪುಟದಲ್ಲಿ ಒಬ್ಬಾಕೆ ಬರೆದಿದ್ದಳು. ಶಬ್ದಕೋಶ ಪಕ್ಕದಲ್ಲಿಟ್ಟುಕೊಂಡು ಓದಿದೆ. ಆಕೆಯ ತಾಯಿ ಹಿಂದೊಮ್ಮೆ ಗೋವಾದ ಸಮುದ್ರ ದಂಡೆಯಲ್ಲಿ ಒಂದು ಹಳೆಯ ಹೊದಿಕೆ ಕೊಂಡಿದ್ದಳಂತೆ. ಕೊನೆಯ ಕಾಯಿಲೆಯಲ್ಲೂ ಅದನ್ನೇ ಹೊದ್ದು, ಅದರಡಿಯಲ್ಲೇ ಕಣ್ಣು ಮುಚ್ಚಿದಳಂತೆ. ಈಗ ಮಗಳು ಹರಿದ ಮೂಲೆ ಸರಿಮಾಡಲು ಬಿಚ್ಚಿದರೆ ಒಳಗೆ ಗಟ್ಟಿಯಾದ ಏನೋ ಒಂದು ಒಣ ಚೂರು, ರೊಟ್ಟಿಯ ಥರದ್ದು. 'ಇದನ್ನು ಯಾರಿಟ್ಟರು, ಯಾಕಿಟ್ಟರು? ಮುಂದಿನ ವಾರ ಇದನ್ನು ಒಗೆಯಲು ಕೊಡಬೇಕು. ಎಸೆದುಬಿಡಲೇ? ಎಸೆಯಲು ಮನಸ್ಸು ಬರುತ್ತಿಲ್ಲ,' ಎಂದಿದ್ದಳು.

ನಾನು ಏನು ಮಾಡಿದೆ ಗೊತ್ತೇ? ನಗೆಯಾಡಿದೆ. 'ನಮ್ಮ ಕಡೆಯ ಇಲಿಯೊಂದು ಪರದೇಶಕ್ಕೆ ಬುತ್ತಿ ಕಟ್ಟಿಕೊಂಡು ಹೋದ ಕಥೆ' ಎಂದು ಬ್ಲಾಗಿನಲ್ಲಿ ಬರೆದುಬಿಟ್ಟೆ, ಅವ್ವನಿಗೆ ಹೇಳುವ ಮೊದಲೇ. ಮನೆಗೆ ಬಂದು ಅದೇ ಧಾಟಿಯಲ್ಲಿ ಹೇಳಿದೆ. ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು.

"ಇಲಿ ಅಲ್ಲ ಅದು," ಅಂದಳು. "ಕೌದಿ ಉಪಾಸ ಇರಬಾರ್ದು ಅಂತ ಇಡ್ತಾರ. ಕಡೀ ಮೂಲಿ ಮುಚ್ಚೂ ಮೊದಲ ಒಂದು ಚೂರು ಖಡಕ್ ರೊಟ್ಟಿ. ಕೌದಿ ಹಸದ್ರ ಹೊಚ್ಚಿಕೊಂಡವರ ನಿದ್ದಿ ತಿಂತದ."

ಇಂಥದ್ದು ನಾನು ಕೇಳೇ ಇಲ್ಲ ಅಂದೆ.

"ನೀನೂ ನೋಡಿದಿ. ಸಣ್ಣಾಕಿದ್ದಾಗ ಅಜ್ಜಿ ಮುಂದ ಕುಂತು ನೋಡಿದಿ," ಅಂದಳು. ಆಮೇಲೆ ತವೆಯ ಕಡೆ ತಿರುಗಿ, ಎಂಟು ವರ್ಷ ಆಡದೇ ಇದ್ದದ್ದನ್ನು ಆಡಿದಳು: "ರೊಟ್ಟಿ ಕೂಡೇ ಕೊಟ್ಟಿ ನೀನು. ಅಜ್ಜಿ ಇಟ್ಟ ರೊಟ್ಟಿ."

ನನಗೆ ಅಳು ಬಂತು. ಮೂವತ್ತೈದು ದಾಟಿದ ಟೀಚರ್, ಒಲೆಯ ಮುಂದೆ ಕೂತು ಹೋ ಎಂದು ಅತ್ತೆ. "ತಪ್ಪಾತವ್ವ," ಅಂದೆ. ಆ ಮಾತನ್ನು ಎಂಟು ವರ್ಷದಲ್ಲಿ ಒಂದು ಸಲವೂ ಅಂದಿರಲಿಲ್ಲ ಎಂದು ಆಗಲೇ ನನಗೆ ಹೊಳೆದದ್ದು. ಅವ್ವ ಸಮಾಧಾನ ಮಾಡಲಿಲ್ಲ. ರೊಟ್ಟಿ ಹೊತ್ತಿತ್ತು, ತಿರುವಿ ಹಾಕಿದಳು. "ನಾಳಿಗಿ ನನ್ನ ಕರಕೊಂಡು ಹೋಗು. ನಾ ನೋಡ್ಬೇಕು ಅದನ್ನ," ಅಂದಳು.

ನನ್ನ ಎದೆಯಲ್ಲಿ ಒಂದು ಹುಚ್ಚು ಆಸೆ ಹುಟ್ಟಿತ್ತು. ಅವಳಲ್ಲೂ ಹುಟ್ಟಿರಬೇಕು, ಒಗೆದ ಸೀರೆ ಉಟ್ಟು ಹೊರಟಳು. ಸೆಂಟರಿನ ಹೊರಗೇ ಚಪ್ಪಲಿ ಬಿಟ್ಟಳು. ಮಾಲೀಕರು ಎದ್ದು ನಿಂತು, "ಬರ್ರಿ ಅಮ್ಮ, ಕುಂದ್ರಿ," ಎಂದು ತಮ್ಮ ಕುರ್ಚಿಯನ್ನೇ ಕೊಟ್ಟರು. ಫೋಟೊ ಮೇಲಿನಿಂದ ಕೆಳಗೆ ಮೆಲ್ಲಗೆ ಇಳಿಯುತ್ತಿತ್ತು, ಒಂದೊಂದೇ ತುಂಡು: ಕೆಂಪು, ಹೂವಿನ ಚೀಟಿನ ಬಟ್ಟೆ, ಹಸಿರು ಅಂಚು. ಯಾರಿಗೂ ಪರದೆ ಮುಟ್ಟಲು ಬಿಡದ ಮಾಲೀಕರು, ಅವ್ವ ಅದರ ಮೇಲೆ ಬೆರಳಾಡಿಸಿದರೂ ಸುಮ್ಮನಿದ್ದರು. ಅವ್ವ ಹೊಲಿಗೆಯ ಸಾಲುಗಳನ್ನು ಒಂದೊಂದಾಗಿ ನೋಡಿದಳು.

"ನಮ್ದಲ್ಲ," ಅಂದಳು. "ನಮ್ಮವ್ವ ಹಿಂಗ ದೂರ ದೂರ ಟಾಕಿ ಹಾಕ್ತಿದ್ದಿಲ್ಲ."

ನನ್ನ ಮುಖ ಇಳಿದದ್ದು ಅವಳಿಗೆ ಕಂಡಿರಬೇಕು. "ಯಾರ ಅವ್ವಂದೋ. ಆದ್ರ ಎಷ್ಟು ಜ್ವಾಕಿ ಮಾಡ್ಯಾರ ನೋಡು. ಸಾಯೂ ಮುಂದನೂ ಹೊಚ್ಚಿಕೊಂಡಾಳ," ಅಂದಳು. ಮತ್ತೆ ಪರದೆಯ ಕಡೆ ನೋಡುತ್ತ, "ನಮ್ದೂ ಎಲ್ಲೋ ಯಾರ ಮೈಮ್ಯಾಲೋ ಅದ. ಟ್ರಂಕಿನ್ಯಾಗ ಇದ್ದಿದ್ರ ನುಸಿ ತಿಂತಿತ್ತು," ಎಂದಳು. ಅದು ನನಗಾಗಿ ಆಡಿದ ಮಾತು. ಟ್ರಂಕಿಗೆ ಅವಳು ಬೇವಿನ ಎಲೆ ಹಾಕದೆ ಬಿಟ್ಟ ವರ್ಷವಿರಲಿಲ್ಲ.

ಉತ್ತರ ಬರೆಯಲು ಕೂತೆ. ನಾನು ಸಂಪ್ರದಾಯ, ಪರಂಪರೆ ಎಂದು ದೊಡ್ಡ ಮಾತು ಜೋಡಿಸುತ್ತಿದ್ದರೆ ಅವ್ವ ಬಿಡಲಿಲ್ಲ. "ಅಷ್ಟೆಲ್ಲ ಯಾಕ? ಆ ಚೂರು ಚೆಲ್ಲಬ್ಯಾಡ ಅನ್ನು. ಕೌದಿ ತೊಳದ ಮ್ಯಾಲ ತಿರಗಿ ಅಲ್ಲೇ ಇಡು ಅನ್ನು. ಹೊಸಾದೂ ಒಂದು ಇಡು, ನಿಮ್ಮ ಮನ್ಯಾಗ ಏನು ತಿಂತೀರಿ ಅದನ್ನೇ. ಮತ್ತ ಆಕಿಗಿ ಕೇಳು, ಊಟ ಮಾಡ್ಲಿಕತ್ತಾಳೋ ಇಲ್ಲೋ. ತಾಯಿ ಸತ್ತಾಕಿ." ನನ್ನ ಹರಕು ಇಂಗ್ಲಿಷಿನಲ್ಲಿ ಇಷ್ಟನ್ನೇ ಬರೆದೆ. ಬ್ಲಾಗಿನಲ್ಲಿ ಇಲಿಯ ಕಥೆ ಅಳಿಸಿ, ನಾನು ಮರೆತದ್ದನ್ನೂ ಅವ್ವ ಹೇಳಿದ್ದನ್ನೂ ಬರೆದೆ.

ಹತ್ತು ದಿನದ ಮೇಲೆ ಆಕೆಯ ಉತ್ತರ ಬಂತು, ಒಂದು ಫೋಟೊ ಸಮೇತ. ಹಳೆಯ ಚೂರಿನ ಪಕ್ಕ ಅವರ ಕಡೆಯ ಕಪ್ಪು ಬ್ರೆಡ್ಡಿನ ಒಣಗಿಸಿದ ತುಂಡು, ಮೇಲೆ ಅರ್ಧ ಹೊಲಿದ ಮೂಲೆ. 'ಊಟ ಮಾಡುತ್ತಿದ್ದೇನೆಂದು ನಿಮ್ಮ ತಾಯಿಗೆ ಹೇಳಿ. ತಾಯಿ ಹೋದ ಮೇಲೆ ಇದನ್ನು ಕೇಳಿದವರು ಅವರೊಬ್ಬರೇ,' ಎಂದು ಬರೆದಿದ್ದಳು. ಅದನ್ನು ಹೇಳಿದಾಗ ಅವ್ವ, "ಹಾಂ, ತಿನ್ನಲಿ," ಎಂದಷ್ಟೇ ಅಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಮುಂದಿನ ಭಾನುವಾರ ಸಂತೆಯಿಂದ ಬಂದಾಗ ಹಲಗೆಯ ಮೇಲೆ ಡಬ್ಬಿ ಇರಲಿಲ್ಲ. ಶಹಾಬಾದಿ ಕಲ್ಲಿನ ನೆಲದ ಮೇಲೆ ಅವ್ವ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಡಬ್ಬಿ, ಮುಚ್ಚಳ ತೆಗೆದು. ಒಳಗೆ ಸೂಜಿ, ದಾರದ ಉಂಡೆ, ಬಗೆಬಗೆಯ ಬಟ್ಟೆಯ ತುಂಡುಗಳು ಬಾಯಿಮಟ. ಅವುಗಳ ನಡುವೆ ಒಂದು ಹಸಿರು ಕಂಡಿತು. ನನ್ನ ಮೊದಲ ಸಂಬಳದ ಸೀರೆ, ಇನ್ನೂ ಉಡುತ್ತಿದ್ದ ಸೀರೆ!

"ಅವ್ವ! ಅದು ಹಳೇದಲ್ಲ. ನನ್ನ ಕೇಳಲಾರದೆ ಕತ್ತರಿಸೀದಿ?"

"ಯಾಕ," ಅಂದಳು ದಾರದ ತುದಿಯನ್ನು ಬಾಯಿಂದ ತೇವ ಮಾಡುತ್ತ, "ಕೇಳಲಾರದೆ ಕೊಡೋದು ನಿನಗಷ್ಟೇ ಬರ್ತದೇನು?"

ಮೊದಲ ಸಲಕ್ಕೇ ಸೂಜಿಗೆ ದಾರ ಪೋಣಿಸಿದಳು. ಕಣ್ಣಿನ ಮಂಜು ಎಲ್ಲಿ ಹೋಗಿತ್ತೋ. ಇಬ್ಬರೂ ನಕ್ಕೆವು, ಪಕ್ಕದ ಮನೆಯಾಕೆ ಏನಾಯಿತೆಂದು ಇಣುಕಿ ನೋಡುವಷ್ಟು.

ಆ ಕೌದಿ ಮುಗಿಯಲು ಯುಗಾದಿ ಆಯಿತು. ಕಡೆಯ ಮೂಲೆ ಉಳಿದಾಗ ಅವ್ವ ನನ್ನನ್ನು ಕರೆದು ಎದುರಿಗೆ ಕೂರಿಸಿ, ಖಡಕ್ ರೊಟ್ಟಿಯ ಚೂರನ್ನು ಅಂಗೈಯಲ್ಲಿಟ್ಟಳು. "ನೀನೇ ಇಡು," ಅಂದಳು. ಇಟ್ಟೆ. ಅವ್ವ ಮೂಲೆ ಮುಚ್ಚಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದು, ಕೌದಿಯನ್ನು ಮಡಚಿ ನನ್ನ ತೊಡೆಯ ಮೇಲೆ ಇಟ್ಟಳು.

"ಇದನ್ನೂ ಯಾರಿಗರೆ ಕೊಡೂದಿದ್ರ ಕೊಡು," ಅಂದಳು. "ಬುತ್ತಿ ಕಟ್ಟೀನಿ."